ಗುಡ್ಡಕ್ಕೆ ಹಿಟಾಚಿ ಹತ್ತಿಸುವ ಮುಂಚೆ ನೀರಿಗೆ ದಾರಿ ಮಾಡಿ

ಅಡಿಕೆ ತೋಟ ಮಾಡಲು ನಮ್ಮ ಗುಡ್ಡಕ್ಕೆ ಮೊದಲ ಸಲ ಮಣ್ಣು ಅಗೆಯುವ ಹಿಟಾಚಿ ಹತ್ತಿಸಿದಾಗ ನಾಲ್ಕೇ ದಿನದಲ್ಲಿ ಕೆಲಸ ಮುಗಿದಿತ್ತು. ಮೂರೇ ಮೂರು ಅಗಲದ ತಟ್ಟು (ಇಳಿಜಾರು ಕಡಿದು ಮೆಟ್ಟಿಲಿನ ಹಾಗೆ ಸಮ ಮಾಡಿದ ಜಾಗ), ಮಕ್ಕಳು ಕ್ರಿಕೆಟ್ ಆಡಬಹುದು ಅನ್ನುವ ಹಾಗೆ. ನೋಡಿದವರೆಲ್ಲ ಭೇಷ್ ಅಂದರು. ಪುನರ್ವಸು ಮಳೆ ಹಿಡಿದ ಮೂರನೇ ರಾತ್ರಿ ನಡುವಿನ ಧರೆ, ಅಂದರೆ ಎರಡು ತಟ್ಟಿನ ನಡುವಿನ ಮಣ್ಣಿನ ಗೋಡೆ, ಜರಿದು ಕೆಳಗಿನ ತಟ್ಟಿನ ಮೇಲೆ ಬಂದು ಕೂತಿತು. ಬೆಳಿಗ್ಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ನೋಡಿದರೆ, ಒಂಬತ್ತು ಅಡಿ ಧರೆಯಲ್ಲಿ ಯಾರೋ ದೊಡ್ಡ ಬೊಗಸೆಯಲ್ಲಿ ಮೊಗೆದು ತೆಗೆದ ಹಾಗೆ ಗುಳಿ, ಅದರ ಬುಡದಿಂದ ಕೆಂಪು ನೀರು ಗುಳುಗುಳು ಅಂತ ಬರುತ್ತಿತ್ತು. ಮೇಲಿನ ಗುಡ್ಡದ ನೀರಿಗೆ ನಾನು ದಾರಿಯನ್ನೇ ಬಿಟ್ಟಿರಲಿಲ್ಲ. ಅದು ತನ್ನ ದಾರಿ ತಾನೇ ಮಾಡಿಕೊಂಡಿತ್ತು, ಅಷ್ಟೇ.

ಆಮೇಲೆ ಇನ್ನೊಂದು ಗುಡ್ಡದ ತುಂಡಿಗೆ ನಿಧಾನಕ್ಕೆ, ಚಿಕ್ಕ ಚಿಕ್ಕದಾಗಿ ತಟ್ಟು ಹಾಕಿದೆ. ಅದು ಇವತ್ತಿಗೂ ನಿಂತಿದೆ. ಆ ಎರಡು ಅನುಭವದ ನಡುವೆ ಕಲಿತದ್ದನ್ನು ಕೆಲಸ ಮಾಡುವ ಕ್ರಮದಲ್ಲೇ ಬರೆಯುತ್ತಿದ್ದೇನೆ. ನಮ್ಮದು ಮಲೆನಾಡು, ಬೆಳೆ ಅಡಿಕೆ. ಕರಾವಳಿಯವರಿಗೂ ಕೊಡಗಿನವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ ಹೊಂದುತ್ತದೆ, ನಾವು ಧರೆ ಅನ್ನುವುದನ್ನು ನೀವು ಬರೆ ಅನ್ನುತ್ತೀರಿ. ಬಯಲುಸೀಮೆಯವರಿಗೆ ಮಾತ್ರ ಇದು ಬೇರೆಯೇ ಪಾಠ. ಅಲ್ಲಿ ನೀರು ಹಿಡಿಯುವ ಚಿಂತೆ, ನಮಗೆ ನೀರನ್ನು ಮರ್ಯಾದೆಯಿಂದ ಕಳಿಸಿಕೊಡುವ ಚಿಂತೆ.

ಮಳೆಗಾಲದಲ್ಲೇ ಕೊಡೆ ಹಿಡಿದು ಸುತ್ತಿ

ಕೆಲಸ ಶುರು ಮಾಡುವುದು ಡಿಸೆಂಬರಿನಲ್ಲಾದರೂ ನೋಡುವ ಕೆಲಸ ಜುಲೈಯಲ್ಲೇ ಆಗಬೇಕು. ಜೋರು ಮಳೆ ಬರುವ ದಿನ ಒಂದು ಕತ್ತಿ, ಒಂದಿಷ್ಟು ಗೂಟ ಹಿಡಿದು ಗುಡ್ಡದ ತಲೆಯಿಂದ ಬುಡದವರೆಗೆ ನಡೆಯಿರಿ. ನೀರು ಎಲ್ಲಿ ಸೇರುತ್ತದೆ, ಯಾವ ಸರಲಿನಲ್ಲಿ (ಮಳೆನೀರು ಇಳಿಯುವ ತಗ್ಗಿನಲ್ಲಿ) ಇಳಿಯುತ್ತದೆ, ಎಲ್ಲಿ ಜಲ ಏಳುತ್ತದೆ, ಅಲ್ಲೆಲ್ಲ ಗೂಟ ಹೊಡೆಯಿರಿ. ಬೇಸಿಗೆಯಲ್ಲಿ ಒಣಗಿದ ಗುಡ್ಡ ನೋಡಿದರೆ ಇದೊಂದೂ ಗೊತ್ತಾಗುವುದಿಲ್ಲ, ಎಲ್ಲಾ ಕಡೆಯೂ ಒಂದೇ ಥರ ದರಗು, ಒಣಗಿದ ಎಲೆ, ಬಿದ್ದಿರುತ್ತದೆ. ಜಲ ಏಳುವ ಜಾಗದಲ್ಲಿ ತಟ್ಟು ಬೇಡವೇ ಬೇಡ. ಅಲ್ಲಿರುವ ಕಾಡುಮರ ಹಾಗೇ ಇರಲಿ.

ಮಳೆ ಬಿಟ್ಟ ಮೇಲೆ ಎರಡು ಮೂರು ಕಡೆ ಆಳದ ಗುಂಡಿ ತೋಡಿ ಮಣ್ಣು ನೋಡಿ. ಮೇಲೆ ಕಪ್ಪು ಮಣ್ಣು, ಅದರ ಕೆಳಗೆ ಕೆಂಪು ಜಂಬಿಟ್ಟಿಗೆ (ಮುರಕಲ್ಲು) ಸಿಕ್ಕಿದರೆ ತೊಂದರೆ ಕಡಿಮೆ. ಆದರೆ ಅದರ ಕೆಳಗೆ ಬಿಳಿ, ಗುಲಾಬಿ ಬಣ್ಣದ ಶೇಡಿ ಮಣ್ಣು ಸಿಕ್ಕಿತು ಅನ್ನಿ, ಹುಷಾರು. ಒಣಗಿದಾಗ ಗಟ್ಟಿ, ಕಲ್ಲಿನ ಹಾಗೆ ಕಾಣುತ್ತದೆ. ನೀರು ಕುಡಿದರೆ ಸಾಬೂನು. ಶೇಡಿ ಬಯಲಾಗುವಷ್ಟು ಆಳಕ್ಕೆ ಯಾವತ್ತೂ ಕತ್ತರಿಸಬಾರದು. ಮೇಲಿನ ಗಟ್ಟಿ ಪದರವೇ ಅದಕ್ಕೆ ಟೋಪಿ ಇದ್ದ ಹಾಗೆ.

ಇಳಿಜಾರು ಎಷ್ಟು? ಊಹೆ ಬೇಡ, ಅಳೆಯಿರಿ

ಹತ್ತು ಅಡಿ ಉದ್ದದ ನೇರವಾದ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ತೆಗೆದುಕೊಳ್ಳಿ. ಒಂದು ತುದಿಯನ್ನು ಮೇಲುಗಡೆ ನೆಲಕ್ಕೆ ತಾಗಿಸಿ, ಮೇಸ್ತ್ರಿಗಳ ರಸಮಟ್ಟ ಇಟ್ಟು ದಬ್ಬೆಯನ್ನು ಸಮ ಮಾಡಿ. ಕೆಳಗಿನ ತುದಿಯಿಂದ ನೆಲಕ್ಕೆ ಎಷ್ಟು ಅಡಿ ಇದೆ ನೋಡಿ. ಒಂದು ಅಡಿ ಇದ್ದರೆ ಶೇಕಡಾ 10, ಎರಡೂವರೆ ಅಡಿ ಇದ್ದರೆ ಶೇಕಡಾ 25. ಇಷ್ಟೇ. ಹತ್ತು ಕಡೆ ಅಳೆದು ಬರೆದಿಟ್ಟುಕೊಳ್ಳಿ, ಏಕೆಂದರೆ ಯಾವ ಗುಡ್ಡವೂ ಒಂದೇ ಸಮ ಇಳಿದಿರುವುದಿಲ್ಲ.

ಶೇಕಡಾ 6ರ ಒಳಗಿದ್ದರೆ ತಟ್ಟಿನ ಗೋಜೇ ಬೇಡ, ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಹಾಕುವ ಸಮಪಾತಳಿಯ ಬದು ಸಾಕು. ಶೇಕಡಾ 16ರಿಂದ 33ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ತಟ್ಟು ಮಾಡುವುದು ಮಣ್ಣು ಸಂರಕ್ಷಣೆಯವರು ಒಪ್ಪುವ ರೂಢಿ. ನಡುವಿನದಕ್ಕೆ ಬದುವಿನ ಜೊತೆ ಹುಲ್ಲಿನ ಸಾಲು ಹಾಕಿ ನೋಡಬಹುದು. 33 ದಾಟಿತೋ, ಇಡೀ ಗುಡ್ಡ ಕತ್ತರಿಸುವ ಆಸೆ ಬಿಟ್ಟುಬಿಡಿ. ಅಲ್ಲಿ ಗಿಡಕ್ಕೊಂದು ಅರ್ಧಚಂದ್ರದ ಕಟ್ಟೆ ಮಾಡಿ ಗೇರು ಹಾಕಿ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದವರು ಹೇಳುವುದೂ ಅದನ್ನೇ, ಜೊತೆಗೆ ತೆಂಗಿನ ಸಿಪ್ಪೆಯನ್ನು ಚರಂಡಿಯಲ್ಲಿ ಹೂಳಿದರೆ ತೇವ ಉಳಿಯುತ್ತದೆ. ತೀರಾ ಕಡಿದಾದರೆ ಗೇರೂ ಬೇಡ, ಕಾಡೇ ಇರಲಿ.

ನಾನು ಹೆದರಿಸುತ್ತಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಏನಾಯಿತು, 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟಗಳು ಹೇಗೆ ಇಳಿದು ಹೋದವು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಹೇಗೆ ಬಂದು ಬಿತ್ತು, ಎಲ್ಲರೂ ನೋಡಿದ್ದೇವೆ. ಒಂದೊಂದಕ್ಕೂ ಒಂದೊಂದು ಕಾರಣ ಇದ್ದೀತು. ಆದರೆ ಗುಡ್ಡದ ಬುಡ ಕತ್ತರಿಸಿ ಮೇಲಿನ ನೀರನ್ನು ಮರೆತರೆ ಗುಡ್ಡ ಮರೆಯುವುದಿಲ್ಲ. ನಿಮ್ಮ ಜಾಗದ ಕೆಳಗೆ ಯಾರದ್ದಾದರೂ ಮನೆ ಇದ್ದರಂತೂ ಇಲ್ಲಿಗೇ ಓದು ನಿಲ್ಲಿಸಿ, ತಿಳಿದವರನ್ನು ಕರೆಸಿ ಜಾಗ ತೋರಿಸಿ.

ಕಾಗದಪತ್ರದ ವಿಷಯ ಚುಟುಕಾಗಿ: ಸೊಪ್ಪಿನ ಬೆಟ್ಟವನ್ನು (ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಜಾಗವನ್ನು) ಸ್ವಂತ ಜಮೀನು ಅಂದುಕೊಂಡು ಅಗೆಯಬೇಡಿ, ಮರ ಕಡಿಯುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ.

ತಟ್ಟಿನ ಅಗಲದ ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ, ನಾನೂ ಎಡವಿದ್ದು ಇಲ್ಲೇ. ಅಡಿಕೆಗೆ 9 ಅಡಿ ಅಂತರ ಅಲ್ವಾ, ಶೇಕಡಾ 25 ಇಳಿಜಾರಿನಲ್ಲಿ ತಟ್ಟಿಗೆ ಒಂದೇ ಸಾಲು ಹಿಡಿಸಿದರೆ ಧರೆಯ ಎತ್ತರ ಎರಡೂಕಾಲು ಅಡಿ ಬರುತ್ತದೆ. ಎರಡು ಸಾಲಿಗೆ ನಾಲ್ಕೂವರೆ ಅಡಿ. ಮೂರಕ್ಕೆ ಆರೂಮುಕ್ಕಾಲು. ನಾನು ಮಾಡಿಸಿದ್ದು ನಾಲ್ಕು ಸಾಲಿನದ್ದು, ಧರೆ ಒಂಬತ್ತು ಅಡಿ. ಅದೂ ನೆಟ್ಟಗೆ, ಗೋಡೆ ಕೊಯ್ದ ಹಾಗೆ.

ಎತ್ತರ ಹೆಚ್ಚಿದ ಹಾಗೆ ಬೀಳುವ ಭಯ ಹೆಚ್ಚುವುದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದೇ ಇರುವುದು ಮಣ್ಣಿನ ಲೆಕ್ಕ. ನಾಲ್ಕು ಸಾಲಿನ ತಟ್ಟಿಗೆ ಒಂದು ಸಾಲಿನದ್ದಕ್ಕಿಂತ ಎಕರೆಗೆ ನಾಲ್ಕು ಪಟ್ಟು ಮಣ್ಣು ತೋಡಿ ಸರಿಸಬೇಕು. ಆ ಮಣ್ಣೆಲ್ಲ ಸಡಿಲವಾಗಿ ಹೊರ ಅಂಚಿನಲ್ಲಿ ಕೂತಿರುತ್ತದೆ, ಮೊದಲ ಮಳೆಗಾಲಕ್ಕೆ ಕಾಯುತ್ತಾ. ಒಳ ಅಂಚಿನಲ್ಲಿ ಗಟ್ಟಿ ಜಂಬಿಟ್ಟಿಗೆ ಬಯಲಾಗಿ ಗಿಡ ಮೇಲೇಳುವುದಿಲ್ಲ. ಹಿಟಾಚಿಯವರು ದೊಡ್ಡ ತಟ್ಟೇ ಚೆಂದ ಸರ್ ಅನ್ನುತ್ತಾರೆ, ಅವರಿಗೆ ಯಂತ್ರ ತಿರುಗಿಸಲು ಜಾಗ ಬೇಕು, ಅವರ ಕಷ್ಟ ಅವರದ್ದು. ನೀವು ಚಿಕ್ಕ ಹಿಟಾಚಿ ಹುಡುಕಿ. ಗಂಟೆ ಲೆಕ್ಕ ಸ್ವಲ್ಪ ಜಾಸ್ತಿ ಬೀಳಬಹುದು, ಬೀಳಲಿ.

ನನ್ನ ಮಟ್ಟಿಗೆ ಶೇಕಡಾ 20ರ ಮೇಲೆ ಒಂದೇ ಸಾಲು, ಅದಕ್ಕಿಂತ ಕಡಿಮೆ ಇದ್ದರೆ ಎರಡು. ಮಣ್ಣಿನ ಧರೆ ಐದು ಅಡಿ ದಾಟಬಾರದು. ಧರೆಗೆ ವಾಲು ಕೊಡಿ: ಎರಡು ಅಡಿ ಎತ್ತರಕ್ಕೆ ಒಂದು ಅಡಿ ಹಿಂದಕ್ಕೆ. ಮಣ್ಣು ಸಡಿಲ ಇದ್ದರೆ ಎತ್ತರದಷ್ಟೇ ಹಿಂದಕ್ಕೆ. ವಾಲು ಕೊಟ್ಟರೆ ಜಾಗ ಹೋಗುತ್ತದೆ ಅಂತ ಹೊಟ್ಟೆ ಉರಿಸಿಕೊಳ್ಳಬೇಡಿ, ಒಂದು ಸಾಲಿನ ತಟ್ಟಿನಲ್ಲಿ ಹೋಗುವುದು ಒಂದೇ ಅಡಿ, ಎಂಟು ಅಡಿ ಉಳಿಯುತ್ತದೆ, ಕೈಗಾಡಿ ಓಡಾಡಲು ಧಾರಾಳ ಸಾಕು.

ಎ ಆಕಾರದ ಚೌಕಟ್ಟು ಕಟ್ಟಿ ಗೆರೆ ಹಾಕಿ

ಕಣ್ಣಂದಾಜಿನಲ್ಲಿ ಗೆರೆ ಹಾಕಿದರೆ ಮೋಸ ಹೋಗುತ್ತೀರಿ. ಗುಡ್ಡದಲ್ಲಿ ಕಣ್ಣು ಸುಳ್ಳು ಹೇಳುತ್ತದೆ. ಏಳೆಂಟು ಅಡಿಯ ಎರಡು ದಬ್ಬೆಯನ್ನು ತಲೆಯ ಹತ್ತಿರ ಜೋಡಿಸಿ ಮೊಳೆ ಹೊಡೆದು, ಕಾಲುಗಳ ನಡುವೆ ಸರಿಯಾಗಿ ಆರು ಅಡಿ ಬರುವ ಹಾಗೆ ಅಗಲಿಸಿ, ನಡುವೆ ಅಡ್ಡಪಟ್ಟಿ ಬಿಗಿಯಿರಿ. ತಲೆಯಿಂದ ದಾರ ಕಟ್ಟಿ ಒಂದು ಕಲ್ಲು ತೂಗುಬಿಡಿ, ದಾರ ಅಡ್ಡಪಟ್ಟಿಯ ಮುಂದೆ ಆಡಬೇಕು. ಎರಡೂ ಕಾಲು ನಿಂತ ಜಾಗಕ್ಕೆ ಗೂಟ ಹೊಡೆದು ದಾರ ಎಲ್ಲಿ ನಿಂತಿದೆಯೋ ಅಲ್ಲಿ ಪೆನ್ಸಿಲ್ ಗುರುತು ಮಾಡಿ. ಈಗ ಚೌಕಟ್ಟನ್ನು ತಿರುಗಿಸಿ, ಎಡಗಾಲು ಇದ್ದಲ್ಲಿ ಬಲಗಾಲು ಇಟ್ಟು ಇನ್ನೊಂದು ಗುರುತು. ಎರಡು ಗುರುತಿನ ನಟ್ಟನಡುವೆ ದಾರ ಬಂದರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ ಅಂತ ಅರ್ಥ. ಗಾಳಿ ಇರುವ ದಿನ ಈ ಕೆಲಸಕ್ಕೆ ಹೋಗಬೇಡಿ, ಕಲ್ಲು ಉಯ್ಯಾಲೆ ಆಡುತ್ತಾ ಅರ್ಧ ದಿನ ತಿನ್ನುತ್ತದೆ.

ಆದರೆ ನಮ್ಮ ಮಳೆಗೆ ಪೂರ್ತಿ ಸಮಮಟ್ಟ ಬೇಡ. ವರ್ಷಕ್ಕೆ ಮೂರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರಲ್ಲಿ ತಟ್ಟಿನ ಉದ್ದಕ್ಕೂ ಸ್ವಲ್ಪ ಇಳಿತ ಇರಬೇಕು, ನೂರು ಅಡಿಗೆ ಆರು ಇಂಚಿನಿಂದ ಒಂದು ಅಡಿಯವರೆಗೆ. ಇದಕ್ಕೊಂದು ಸುಲಭ ಉಪಾಯ ಇದೆ. ಚೌಕಟ್ಟಿನ ಒಂದು ಕಾಲಿನ ಬುಡಕ್ಕೆ ಮುಕ್ಕಾಲು ಇಂಚು ದಪ್ಪದ ರೀಪಿನ ತುಂಡು ಕಟ್ಟಿ. ಆ ಕಾಲು ಯಾವಾಗಲೂ ನೀರು ಹೋಗಬೇಕಾದ ದಿಕ್ಕಿಗೇ ಇರಲಿ. ದಾರ ನಡುವಿನ ಗುರುತಿಗೆ ಬಂದಾಗ ನಿಮಗೆ ಗೊತ್ತಿಲ್ಲದೆಯೇ ನೂರಕ್ಕೆ ಒಂದರ ಇಳಿತ ಸಿಕ್ಕಿರುತ್ತದೆ. ಅರ್ಧ ಸಾಕಿದ್ದರೆ ರೀಪನ್ನೂ ಅರ್ಧ ಮಾಡಿ. ಕಾಲು ಬದಲಾಯಿಸಿ ಹಿಡಿದರೆ ಮಾತ್ರ ನೀರು ಉಲ್ಟಾ ಹೋಗುತ್ತದೆ. ನಾನು ರೀಪಿಗೆ ಕೆಂಪು ಬಟ್ಟೆ ಕಟ್ಟಿಕೊಂಡಿದ್ದೆ.

ಪ್ರತಿ ಆರು ಅಡಿಗೊಂದು ಗೂಟ ಹೊಡೆಯುತ್ತಾ ಹೋಗಿ, ಆಮೇಲೆ ಹಿಂದೆ ನಿಂತು ನೋಡಿ ತೀರಾ ಅಂಕುಡೊಂಕಾದ ಕಡೆ ಒಂದೆರಡು ಗೂಟ ಸರಿಸಿ. ಒಂದೇ ದಿಕ್ಕಿಗೆ ಮುನ್ನೂರು ಅಡಿಗಿಂತ ಉದ್ದ ನೀರು ಹರಿಸಬೇಡಿ. ಉದ್ದ ಜಾಸ್ತಿ ಇದ್ದರೆ ನಡುವೆ ಎತ್ತರ ಮಾಡಿ ಎರಡು ಕಡೆಗೆ ಹಂಚಿ.

ನೀರಿನ ಕೆಲಸ ಮೊದಲು

ಗೆರೆ ಆಯಿತು. ಈಗಲೂ ತಟ್ಟು ಕಡಿಯಬೇಡಿ, ಕಾಲುವೆ ತೆಗೆಯಿರಿ.

ಎಲ್ಲಕ್ಕಿಂತ ಮೇಲಿನ ತಟ್ಟಿನಿಂದ ಹತ್ತು ಹದಿನೈದು ಅಡಿ ಮೇಲೆ, ಗುಡ್ಡಕ್ಕೆ ಅಡ್ಡಲಾಗಿ ಒಂದು ಕಾಲುವೆ ಬೇಕು. ಎರಡು ಅಡಿ ಅಗಲ, ಒಂದೂವರೆ ಅಡಿ ಆಳ ಅಂತ ಶುರು ಮಾಡಿ. ಮೇಲಿನ ಗುಡ್ಡ ದೊಡ್ಡದಿದ್ದರೆ ಇನ್ನೂ ದೊಡ್ಡದು. ಇದರ ಇಳಿತವೂ ಅದೇ ಚೌಕಟ್ಟಿನಲ್ಲೇ. ತೆಗೆದ ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿ ತುಳಿದು ಗಟ್ಟಿ ಮಾಡಿ. ಮೇಲಿನ ನೀರು ನಿಮ್ಮ ತಟ್ಟಿಗೆ ಕಾಲಿಡದೆ ಪಕ್ಕಕ್ಕೆ ಹೋಗಲಿ ಅಂತ ಇದು.

ಪಕ್ಕಕ್ಕೆ ಅಂದರೆ ಎಲ್ಲಿಗೆ? ಜುಲೈಯಲ್ಲಿ ಗೂಟ ಹೊಡೆದಿದ್ದ ಸರಲಿಗೆ. ಮೊದಲಿಂದ ನೀರು ಇಳಿಯುತ್ತಿದ್ದ ದಾರಿಯೇ ಒಳ್ಳೆಯದು, ಹೊಸ ದಾರಿ ಕೊರೆಯಬೇಡಿ, ಪಕ್ಕದ ಮನೆಯವರ ತೋಟಕ್ಕೆ ತಿರುಗಿಸಿ ಜಗಳ ತರಿಸಿಕೊಳ್ಳಲೂ ಬೇಡಿ. ಈಗ ಆ ಸರಲಿಗೆ ಮೊದಲಿಗಿಂತ ಜಾಸ್ತಿ ನೀರು ಬರುತ್ತದೆ, ಹಾಗಾಗಿ ತಳಕ್ಕೆ ಕಲ್ಲು ಹಾಸಿ. ಕಡಿದಾದಲ್ಲಿ ಒಂದೊಂದು ಅಡಿಯ ಮೆಟ್ಟಿಲು ಮಾಡಿ. ನೀರು ಮೆಟ್ಟಿಲ ಮೇಲೆ ಬಿದ್ದು ಬಿದ್ದು ಸುಸ್ತಾಗಿ ಕೆಳಗೆ ಬರಬೇಕು.

ಇಂಗುಗುಂಡಿ ತೋಡಿ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ, ಆದರೆ ಚಪ್ಪಟೆ ಜಾಗದಲ್ಲಿ. ಕಡಿದಾದ ಗುಡ್ಡದ ತಲೆಯಲ್ಲಿ, ಧರೆಗೆ ಹತ್ತಿರದಲ್ಲಿ ಗುಂಡಿ ತೋಡಿ ನೀರು ನಿಲ್ಲಿಸಿದರೆ ಆ ನೀರು ಇಂಗಿ ನೇರ ಶೇಡಿಯ ತಲೆಗೇ ಇಳಿಯುತ್ತದೆ. ನಮ್ಮ ಕಡೆಯ ಮಳೆಗೆ ಇಂಗಿಸುವ ಹುಚ್ಚು ಗುಡ್ಡದ ಬುಡದಲ್ಲಿ ತೀರಿಸಿಕೊಳ್ಳಿ.

ಕಡಿಯುವ ಕ್ರಮ

ಡಿಸೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಮಣ್ಣಲ್ಲಿ ಹದವಾದ ತೇವ ಇರುತ್ತದೆ, ತುಳಿದರೆ ಕೂರುತ್ತದೆ. ಏಪ್ರಿಲ್‌ಗೆ ಮಾಡಿದರೆ ಧೂಳು, ಒತ್ತಿದರೂ ನಿಲ್ಲುವುದಿಲ್ಲ.

ಕಪ್ಪು ಮೇಲ್ಮಣ್ಣು ಅರ್ಧ ಅಡಿಯೋ ಒಂದು ಅಡಿಯೋ ಇರುತ್ತದೆ, ಗುಡ್ಡ ಸಾವಿರಾರು ವರ್ಷದಲ್ಲಿ ಮಾಡಿಟ್ಟ ಆಸ್ತಿ ಅದು. ಸುಮ್ನೆ ಕಡಿದು ಕೆಳಗೆ ದೂಡಿದರೆ ಅದು ಅಡಿಗೆ ಹೋಗಿ ಕೆಂಪು ಮಣ್ಣು ಮೇಲೆ ಬರುತ್ತದೆ, ಆಮೇಲೆ ಎಷ್ಟು ಗೊಬ್ಬರ ಸುರಿದರೂ ಗಿಡ ಹಳದಿ. ಅದಕ್ಕೇ ಕೆಳಗಿನ ತಟ್ಟಿನಿಂದ ಶುರು ಮಾಡಿ. ಅದರ ಕಪ್ಪು ಮಣ್ಣನ್ನು ಕೆರೆದು ಪಕ್ಕಕ್ಕೆ ಒಟ್ಟಿ, ತಟ್ಟು ಮಾಡಿ. ಮುಂದಿನ, ಅಂದರೆ ಅದರ ಮೇಲಿನ ತಟ್ಟಿನ ಕಪ್ಪು ಮಣ್ಣು ಕೆರೆದು ಈ ಮುಗಿದ ತಟ್ಟಿಗೆ ಹರಡಿ. ಹೀಗೇ ಮೇಲಕ್ಕೆ ಹತ್ತಿ. ಕೊನೆಗೆ ತಲೆಯ ತಟ್ಟಿಗೆ ಮೊದಲು ಒಟ್ಟಿಟ್ಟದ್ದನ್ನು ಹೊರಿಸಿಕೊಳ್ಳಬೇಕು, ಅದೊಂದು ಕಷ್ಟ, ತಪ್ಪಿದ್ದಲ್ಲ.

ಪ್ರತಿ ತಟ್ಟಿನಲ್ಲೂ ಅರ್ಧ ಕಡಿಯುವುದು, ಅರ್ಧ ತುಂಬುವುದು. ತುಂಬುವ ಕಡೆ ಹುಲ್ಲು, ಕುಂಟೆ (ಕಡಿದ ಮರದ ಬುಡ), ಸೊಪ್ಪು ಎಲ್ಲ ತೆಗೆದು ಇಳಿಜಾರನ್ನು ಕೊಚ್ಚಿ ಒರಟು ಮಾಡಿ, ಆಮೇಲೆ ಮಣ್ಣು ಹಾಕಿ. ಮರದ ಕುಂಟೆ ಒಳಗೆ ಹೂತರೆ ಮೂರು ನಾಲ್ಕು ವರ್ಷದಲ್ಲಿ ಕೊಳೆತು ಟೊಳ್ಳಾಗುತ್ತದೆ. ಅರ್ಧ ಅರ್ಧ ಅಡಿ ಹಾಕಿ ತುಳಿಸಿ, ಹಿಟಾಚಿ ಬಕೆಟ್ಟಿನ ಬೆನ್ನಲ್ಲಿ ಬಡಿಸಿ. ಒಂದೇ ಸಲ ಎರಡು ಅಡಿ ಹಾಕಿ ಮೇಲೆ ಬಡಿದರೆ ಮೇಲಿನ ನಾಲ್ಕಿಂಚು ಮಾತ್ರ ಗಟ್ಟಿ. ಹೊರ ಅಂಚನ್ನು ಲೆಕ್ಕಕ್ಕಿಂತ ಸ್ವಲ್ಪ ಎತ್ತರ ಬಿಡಿ, ತುಂಬಿದ ಆಳದ ಹತ್ತರಲ್ಲಿ ಒಂದು ಪಾಲು. ಅದು ಕೂತೇ ಕೂರುತ್ತದೆ.

ತಟ್ಟಿನ ಮೈ ಗುಡ್ಡದ ಕಡೆಗೆ ವಾಲಿರಬೇಕು. ಎಂಟು ಅಡಿ ಅಗಲಕ್ಕೆ ಮೂರು ಇಂಚು ಸಾಕು. ಹೊರಗೆ ವಾಲಿದರೆ ನೀರು ಅಂಚು ಹಾರಿ ಧರೆಯನ್ನು ಗೀರುತ್ತದೆ. ಒಳಗೆ ಬಂದ ನೀರಿಗೆ ಧರೆಯ ಬುಡದಿಂದ ಒಂದು ಅಡಿ ಬಿಟ್ಟು ಚಿಕ್ಕ ಚರಂಡಿ ಮಾಡಿ, ಧರೆಗೆ ಅಂಟಿಸಿ ಮಾಡಬೇಡಿ, ಬುಡ ಕೊರೆಯುತ್ತದೆ. ಆ ಚರಂಡಿ ಕೊನೆಗೆ ಕಲ್ಲು ಹಾಸಿದ ಸರಲಿಗೆ ಸೇರಬೇಕು.

ಧರೆಗೆ ಬಟ್ಟೆ ತೊಡಿಸಿ

ಕಲ್ಲು ಸಿಗುವ ಜಾಗವಾದರೆ ಕಲ್ಲು ಕಟ್ಟಿ, ಸಿಮೆಂಟ್ ಬೇಡ. ಒಣಗಲ್ಲಿನ ಕಟ್ಟೆಯ ಸಂದಿಯಲ್ಲಿ ನೀರು ಸೋರಿ ಹೋಗುತ್ತದೆ, ಸಿಮೆಂಟ್ ಗೋಡೆಯ ಹಿಂದೆ ನೀರು ಕಟ್ಟಿ ಗೋಡೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬುತ್ತದೆ. ಒಂದು ಅಡಿ ಅಡಿಪಾಯ, ದೊಡ್ಡ ಕಲ್ಲು ಕೆಳಗೆ, ಗುಡ್ಡದ ಕಡೆಗೆ ವಾಲು, ಹಿಂದೆ ಚಿಕ್ಕ ಕಲ್ಲಿನ ತುಂಬು. ಇದು ಬೇಗ ಆಗುವ ಕೆಲಸವಲ್ಲ. 2022ರಲ್ಲಿ ಪದ್ಮಶ್ರೀ ಬಂದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಸುರಂಗ ಕೊರೆದು ನೀರು ತಂದದ್ದು ಎಲ್ಲರಿಗೂ ಗೊತ್ತು. ಅದೇ ಗುಡ್ಡದಲ್ಲಿ ಅವರು ಮುರಕಲ್ಲು ಹೊತ್ತು ತಂದು ಕಟ್ಟಿ ತಟ್ಟು ಮಾಡಿದ್ದು ವರ್ಷಗಟ್ಟಲೆಯ ಕೆಲಸ.

ಕಲ್ಲಿಲ್ಲದಿದ್ದರೆ ಲಾವಂಚದ ಹುಲ್ಲು. ಗುಂಡ್ಲುಪೇಟೆ ಕಡೆಯ ರೈತರು ಬದುವಿನ ಮೇಲೆ ಇದನ್ನು ಬೆಳೆಸುವುದು ಬಹಳ ಹಳೆಯ ರೂಢಿ. ಬೇರು ಆಳಕ್ಕೆ, ಆರು ಅಡಿಗೂ ಕೆಳಗೆ ನೇರ ಇಳಿಯುತ್ತದೆ, ಪಕ್ಕಕ್ಕೆ ಹಬ್ಬಿ ಅಡಿಕೆಯ ಬೇರಿಗೆ ತೊಂದರೆ ಕೊಡುವುದಿಲ್ಲ. ಅಂಚಿನಲ್ಲಿ ನಾಲ್ಕರಿಂದ ಆರು ಇಂಚಿಗೊಂದು ಸಸಿ, ಮೊದಲ ಮಳೆ ಬಿದ್ದ ಕೂಡಲೇ. ಒಂದು ಸಸಿ ಸತ್ತರೂ ಆ ಸಂದಿಯಲ್ಲೇ ನೀರು ನುಗ್ಗುವುದು, ಹಾಗಾಗಿ ನಾಗಾ (ಸಸಿ ಸತ್ತು ಖಾಲಿ ಬಿದ್ದ ಜಾಗ) ತುಂಬಿಸಿ. ಲಾವಂಚಕ್ಕೆ ನೆರಳು ಆಗುವುದಿಲ್ಲ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅಡಿಕೆ ಬೆಳೆದು ನೆರಳು ಕವಿದ ಹಾಗೆ ಅದು ಸೊರಗುತ್ತದೆ. ಅಷ್ಟರಲ್ಲಿ ಧರೆಗೆ ಜರಿಗಿಡ, ಹುಲ್ಲು ತಾನಾಗಿಯೇ ಬಂದಿರುತ್ತದೆ, ಅದನ್ನು ಬಿಡಿ. ಅನಾನಸ್ಸೂ ಅಂಚಿಗೆ ಒಳ್ಳೆಯದು, ಹಂದಿ ಬರದ ಊರಾದರೆ.

ಧರೆಗೆ ಕಳೆನಾಶಕ ಹೊಡೆಯುವವರನ್ನು ನೋಡಿದರೆ ನನಗೆ ತಡೆಯಲಾಗುವುದಿಲ್ಲ. ತೋಟ ಕ್ಲೀನಾಗಿ ಕಾಣುತ್ತದೆ, ಸರಿ. ಬೇರು ಸತ್ತ ಮೇಲೆ ಮಣ್ಣು ಹಿಡಿಯುವವರು ಯಾರು? ಎಕರೆಗೆ ಒಂದೇ ಒಂದು ಮಿಲಿಮೀಟರ್ ಮಣ್ಣು ತೊಳೆದು ಹೋದರೂ ನಾಲ್ಕು ಘನ ಮೀಟರ್, ಅಂದರೆ ಒಂದೂವರೆ ಟ್ರ್ಯಾಕ್ಟರ್ ಮಣ್ಣು ಹಳ್ಳ ಸೇರಿತು ಅಂತ ಲೆಕ್ಕ. ಹುಲ್ಲನ್ನು ಕತ್ತಿಯಲ್ಲಿ ಸವರಿ, ಬುಡ ಬಿಡಿ.

ಮೊದಲ ಮಳೆಗಾಲ

ಈ ವರ್ಷ ಅಡಿಕೆ ನೆಡಬೇಡಿ. ಬಾಳೆ ಹಾಕಿ, ವೆಲ್ವೆಟ್ ಬೀನ್ಸ್ ಥರದ ಹಬ್ಬುವ ಬಳ್ಳಿ ಬಿತ್ತಿ ನೆಲ ಮುಚ್ಚಿ. ತಟ್ಟು ಎಲ್ಲಿ ಕೂರುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಅಂತ ಗೊತ್ತಾಗಲು ಒಂದು ಮಳೆಗಾಲ ಬೇಕೇ ಬೇಕು. ಪಶ್ಚಿಮಕ್ಕೆ ಮುಖ ಮಾಡಿದ ಗುಡ್ಡವಾದರೆ ಈ ಬಾಳೆಯೇ ಮುಂದೆ ಅಡಿಕೆ ಸಸಿಯನ್ನು ಸಂಜೆ ಬಿಸಿಲಿಂದ ಕಾಯುತ್ತದೆ.

ಆರಿದ್ರ ಮಳೆ ಶುರುವಾದ ಮೇಲೆ ದಿನಾ ಒಂದು ಸಲ ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೋಗಿ. ಕಾಲುವೆಯಲ್ಲಿ ಕಟ್ಟಿಕೊಂಡ ದರಗು ಎಳೆದು ಹಾಕುವುದೇ ಮುಕ್ಕಾಲು ಕೆಲಸ. ಒಂದು ಹಿಡಿ ಎಲೆ ಅಡ್ಡ ಕೂತು ನೀರು ಬದು ಹಾರಿ ಅರ್ಧ ಗಂಟೆಯಲ್ಲಿ ಧರೆ ಸೀಳಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅಂಚಿಗೆ ಸಮವಾಗಿ ಉದ್ದ ಬಿರುಕು ಕಂಡರೆ ಜಿಗುಟು ಮಣ್ಣು ತುಂಬಿ ತುಳಿದು, ಮೇಲೆ ಟಾರ್ಪಾಲು ಹಾಸಿ, ಆ ಕಡೆ ಬರುವ ನೀರನ್ನು ತಿರುಗಿಸಿ. ಬಿರುಕು ಮಾರನೇ ದಿನ ಅಗಲವಾಗಿದ್ದರೆ, ಧರೆಯ ಬುಡದಲ್ಲಿ ಮೊದಲಿರದ ಕಡೆ ಕೆಸರು ನೀರು ಬರುತ್ತಿದ್ದರೆ, ಮರಗಳು ವಾಲಿದ್ದರೆ, ಗುದ್ದಲಿ ಅಲ್ಲೇ ಬಿಟ್ಟು ದೂರ ಬನ್ನಿ. ಕೆಳಗಿನವರಿಗೂ ಹೇಳಿ.

ಮಳೆ ಕಳೆದ ಮೇಲೆ ಅಂಚು ಕೂತಲ್ಲಿ ಮಣ್ಣು ಏರಿಸಿ, ಚರಂಡಿ ತೋಡಿ, ನಾಗಾ ಬಿದ್ದಲ್ಲಿ ಲಾವಂಚ ತುಂಬಿಸಲು ಗುರುತು ಹಾಕಿ. ಅಡಿಕೆಗೆ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಹೊರ ಅಂಚಿನಿಂದ ಕನಿಷ್ಠ ಮೂರು ಅಡಿ ಒಳಗೆ ತೆಗೆಯಿರಿ. ಒಳಬದಿಯ ಗಟ್ಟಿ ಮಣ್ಣು ತಾಗುವ ಗುಂಡಿ ಬಾವಿಯ ಹಾಗೆ ನೀರು ಹಿಡಿದು ಬೇರು ಕೊಳೆಸುತ್ತದೆ. ಅದಕ್ಕೆ ಗುಂಡಿಯಿಂದ ಚರಂಡಿಯವರೆಗೆ ಒಂದು ಗೇಣು ಅಗಲದ ಸೀಳು ಕೊಟ್ಟುಬಿಡಿ. ಸೀಳಿನ ತಳ ಗುಂಡಿಯ ತಳಕ್ಕಿಂತ ಮೇಲಿದ್ದರೆ ಪ್ರಯೋಜನ ಇಲ್ಲ, ಅಲ್ಲಿ ಚರಂಡಿಯನ್ನೇ ಇನ್ನಷ್ಟು ಆಳ ಮಾಡಬೇಕು, ಇಲ್ಲವೇ ಗುಂಡಿಯನ್ನು ಎರಡೇ ಅಡಿಗೆ ನಿಲ್ಲಿಸಿ ಮೇಲೆ ಮಣ್ಣು ಏರಿಸಿ ನೆಡಬೇಕು. ನಾನು ಎರಡನೆಯದನ್ನೇ ಮಾಡಿದೆ.